ಅಗೆಯದೇ ತೋಡುವ ಕಲ್ಯಾಣಿ: ಮೊಳೆ, ದಾರ ಹಿಡಿದು ನೆಲದ ಮೇಲೆ ತ್ರೀಡಿ ಚಿತ್ರ ಬರೆಯುವ ಕ್ರಮ

ಟಿವಿಯಲ್ಲಿ ಕ್ರಿಕೆಟ್ ನೋಡುವಾಗ ಸ್ಟಂಪ್‌ಗಳ ಹಿಂದಿನ ಹುಲ್ಲಿನಲ್ಲಿ ಪ್ರಾಯೋಜಕರ ಹೆಸರು ಹಲಗೆ ನಿಲ್ಲಿಸಿದ ಹಾಗೆ ನೆಟ್ಟಗೆ ನಿಂತಿರುತ್ತದಲ್ಲ? ಫೀಲ್ಡರ್ ಒಬ್ಬ ಅದರ ಮೇಲೆಯೇ ಓಡಿಹೋದಾಗಷ್ಟೇ ಅದು ನೆಲಕ್ಕೆ ಬಳಿದ ಬಣ್ಣ ಎಂದು ಗೊತ್ತಾಗುವುದು. ಪಕ್ಕದ ಸ್ಟ್ಯಾಂಡಿನಲ್ಲಿ ಕೂತವನಿಗೆ ಅದೇ ಅಕ್ಷರಗಳು ಸೊಟ್ಟಗೆ ಎಳೆದ ರಬ್ಬರಿನಂತೆ ಕಾಣುತ್ತವೆ. ಅದನ್ನು ಬರೆದದ್ದು ಅವನಿಗಾಗಿ ಅಲ್ಲ, ಒಂದೇ ಒಂದು ಕ್ಯಾಮೆರಾಕ್ಕಾಗಿ. ಹೆದ್ದಾರಿಯ ಮೇಲೆ ಬರೆದ ಅಕ್ಷರ, ಬಾಣದ ಗುರುತುಗಳನ್ನು ಇಳಿದು ಹತ್ತಿರದಿಂದ ನೋಡಿ. ಅಗಲಕ್ಕಿಂತ ಉದ್ದ ಎಷ್ಟೋ ಪಾಲು ಹೆಚ್ಚಿರುತ್ತದೆ. ಓಡುವ ಗಾಡಿಯ ಸೀಟಿನಿಂದ ನೋಡಿದವನಿಗೆ ಮಾತ್ರ ಅಳತೆ ಸರಿಯಾಗಿ ಕೂಡುತ್ತದೆ.

ಈ ಬಗೆಯ ಚಿತ್ರಕ್ಕೆ ಅನಾಮಾರ್ಫಿಕ್ ಚಿತ್ರ ಎಂದು ಹೆಸರು. ಜನ ಸುಮ್ಮನೆ ತ್ರೀಡಿ ಪೇಂಟಿಂಗ್ ಎನ್ನುತ್ತಾರೆ. ಹೊಸದೇನಲ್ಲ. ರೋಮ್‌ನ ಸಂತ್ ಇಗ್ನಾಸಿಯೊ ಚರ್ಚಿನಲ್ಲಿ ಗುಮ್ಮಟ ಕಟ್ಟುವುದು ಆಗದೆ ಹೋದಾಗ ಆಂದ್ರೆಯಾ ಪೊಝೊ ಎಂಬ ಜೆಸ್ಯೂಟ್ ಕಲಾವಿದ 1685ರಲ್ಲಿ ಚಪ್ಪಟೆ ಕ್ಯಾನ್‌ವಾಸಿನ ಮೇಲೆಯೇ ಗುಮ್ಮಟ ಬರೆದುಕೊಟ್ಟ. ಆಮೇಲೆ ಇಡೀ ಚಾವಣಿಯನ್ನೇ ಆಕಾಶಕ್ಕೆ ತೆರೆದಂತೆ ಚಿತ್ರಿಸಿ 1694ರ ಹೊತ್ತಿಗೆ ಮುಗಿಸಿದ. ಎಲ್ಲಿ ನಿಂತು ನೋಡಬೇಕು ಎಂದು ಅಲ್ಲಿನ ನೆಲದಲ್ಲಿ ಗುಂಡನೆಯ ಕಲ್ಲಿನ ಗುರುತಿದೆ. ಅಲ್ಲಿಂದ ನಾಲ್ಕು ಹೆಜ್ಜೆ ಸರಿದರೆ ಕಂಬಗಳೆಲ್ಲ ವಾಲುತ್ತವೆ. ಇದೇ ವಿದ್ಯೆಯನ್ನು ಬೀದಿಗೆ ಇಳಿಸಿದವರಲ್ಲಿ ಮೊದಲಿಗ ಕರ್ಟ್ ವೆನ್ನರ್. ನಾಸಾದಲ್ಲಿ ಚಿತ್ರಕಾರನಾಗಿದ್ದ ಆತ ಕೆಲಸ ಬಿಟ್ಟು ಇಟಲಿಗೆ ಹೋಗಿ, 1980ರ ದಶಕದಲ್ಲಿ ಪಾದಚಾರಿ ಹಾದಿಯ ಮೇಲೆ ಸೀಮೆಸುಣ್ಣದಲ್ಲಿ ಹಳ್ಳ, ಗುಹೆ, ದೇವದೂತರನ್ನು ಬರೆಯತೊಡಗಿದ.

ಇಲ್ಲಿ ನಾನು ಹೇಳಿಕೊಡುವುದು ಬಡಾವಣೆಯ ಅಂಗಳದಲ್ಲೋ ಶಾಲೆಯ ಬಯಲಿನಲ್ಲೋ ಬರೆಯಬಹುದಾದ ಮೂರು ಮೀಟರ್ ಚೌಕದ ಒಂದು ಕಲ್ಯಾಣಿ. ಕೈಯಲ್ಲಿ ಚಿತ್ರಕಲೆ ಇಲ್ಲದಿದ್ದರೂ ನಡೆಯುತ್ತದೆ, ದಾರ ಎಳೆಯಲು ಬಂದರೆ ಸಾಕು.

ಮೊದಲು ಮೊಳೆ, ಆಮೇಲೆ ಬಣ್ಣ

ಎಲ್ಲರೂ ಮೊದಲು ಕೇಳುವುದು ಯಾವ ಬಣ್ಣ ತರೋಣ ಎಂದು. ಬಣ್ಣ ಕೊನೆಯ ದಿನದ ಮಾತು. ಮೊದಲು ಗೊತ್ತಾಗಬೇಕಾದದ್ದು ನೋಡುವವನು ಎಲ್ಲಿ ನಿಲ್ಲುತ್ತಾನೆ ಎಂಬುದು. ಆ ಜಾಗದಲ್ಲಿ ನೆಲಕ್ಕೊಂದು ಕಾಂಕ್ರೀಟ್ ಮೊಳೆ ಹೊಡೆಯಿರಿ. ಅದಕ್ಕೆ ದಾರ ಕಟ್ಟಿ. ಇಡೀ ಚಿತ್ರ ಆ ದಾರದ ತುದಿಯಲ್ಲಿರುತ್ತದೆ.

ಹೇಗೆ ಎಂದರೆ, ಕಣ್ಣಿರುವ ಜಾಗದಲ್ಲಿ ಒಂದು ಬಲ್ಬ್ ತೂಗುಹಾಕಿದ್ದೀರಿ ಎಂದುಕೊಳ್ಳಿ. ನೆಲದ ಮೇಲೆ ಒಂದು ಪೆಟ್ಟಿಗೆ ಇಟ್ಟರೆ ಬೀಳುವ ನೆರಳು ಇದೆಯಲ್ಲ, ಅದೇ ನೀವು ಬರೆಯಬೇಕಾದ ಚಿತ್ರದ ಆಕಾರ. ಪೆಟ್ಟಿಗೆ ತೆಗೆದು, ನೆರಳಿದ್ದ ಜಾಗಕ್ಕೆ ಪೆಟ್ಟಿಗೆಯ ಬಣ್ಣ ತುಂಬಿದರೆ, ಬಲ್ಬಿನ ಜಾಗದಲ್ಲಿ ಕಣ್ಣಿಟ್ಟವನಿಗೆ ಪೆಟ್ಟಿಗೆ ಅಲ್ಲಿಯೇ ಇದೆ. ಹಳ್ಳವಾದರೆ ಇದರ ತಿರುವುಮುರುವು. ಹಳ್ಳದ ಬಾಯಿಗೆ ಗಾಜು ಮುಚ್ಚಿದ್ದೀರಿ ಎಂದುಕೊಂಡು, ತಳದ ಒಂದು ಬಿಂದುವಿನಿಂದ ಕಣ್ಣಿಗೆ ದಾರ ಎಳೆದರೆ ಅದು ಗಾಜನ್ನು ಎಲ್ಲಿ ತೂರುತ್ತದೋ ಅಲ್ಲಿ ಆ ಬಿಂದುವನ್ನು ಬರೆಯಬೇಕು.

ಇದರಿಂದ ಎರಡು ನಿಯಮ ಸಿಗುತ್ತವೆ. ಇವೆರಡು ತಲೆಯಲ್ಲಿದ್ದರೆ ಸಾಫ್ಟ್‌ವೇರ್ ಬೇಡ.

ಒಂದು, ಕಲ್ಪನೆಯಲ್ಲಿ ನೆಟ್ಟಗೆ ನಿಂತಿರುವ ಯಾವುದೇ ಗೆರೆ, ಅದು ಕಂಬವಾಗಲಿ, ಬಾವಿಯ ಮೂಲೆಯಾಗಲಿ, ನೆಲದ ಮೇಲೆ ಮೊಳೆಯಿಂದ ಹೊರಟ ದಾರದ ಗುಂಟವೇ ಬೀಳುತ್ತದೆ. ರಾತ್ರಿ ಬೀದಿದೀಪದ ಕೆಳಗೆ ನಿಂತು ನೋಡಿ: ನಿಮ್ಮ ನೆರಳು, ಸೈಕಲ್ಲಿನ ನೆರಳು, ಗೇಟಿನ ಕಂಬದ ನೆರಳು ಎಲ್ಲವೂ ದೀಪದ ಕಂಬದ ಬುಡದಿಂದಲೇ ಹೊರಟಂತೆ ಚಾಚಿರುತ್ತವೆ. ನಮ್ಮ ಮೊಳೆಯೇ ಆ ಬುಡ.

ಎರಡು, ಒಂದೇ ಮಟ್ಟದಲ್ಲಿರುವ ಆಕೃತಿಯ ಆಕಾರ ಕೆಡುವುದಿಲ್ಲ, ಅಳತೆ ಮಾತ್ರ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಚೌಕ ಚೌಕವಾಗಿಯೇ ಇರುತ್ತದೆ. ಎಷ್ಟು ಪಾಲು ಎನ್ನುವುದಕ್ಕೆ ಲೆಕ್ಕ ಇದು:

ನೆಲದಿಂದ ಕೆಳಗಿನದಕ್ಕೆ: ಕಣ್ಣೆತ್ತರ ÷ (ಕಣ್ಣೆತ್ತರ + ಆಳ)
ನೆಲದಿಂದ ಮೇಲಿನದಕ್ಕೆ: ಕಣ್ಣೆತ್ತರ ÷ (ಕಣ್ಣೆತ್ತರ − ಎತ್ತರ)

ಬಂದ ಸಂಖ್ಯೆಯಿಂದ ಮೊಳೆಯಿಂದಿರುವ ದೂರವನ್ನೂ, ನಡುಗೆರೆಯಿಂದ (ಮೊಳೆಯಿಂದ ನೇರ ಮುಂದಕ್ಕೆ ಎಳೆದ ಗೆರೆ) ಎಡಬಲಕ್ಕಿರುವ ದೂರವನ್ನೂ ಗುಣಿಸಿ. ಮುಗಿಯಿತು.

ಕಣ್ಣೆತ್ತರ 150 ಸೆಂ.ಮೀ. ಇಟ್ಟುಕೊಳ್ಳಿ. ಗಂಡಸರು ಹೆಂಗಸರು ಇಬ್ಬರಿಗೂ ಫೋನ್ ಹಿಡಿಯಲು ಹದವಾದ ಎತ್ತರ. ಮಕ್ಕಳು ಬಂದರೆ ಹೇಗೆ ಎಂದು ನಾನೂ ಮೊದಲು ಚಿಂತಿಸಿದ್ದೆ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ, ಎತ್ತರದ ವ್ಯತ್ಯಾಸವನ್ನು ಈ ಚಿತ್ರ ಕ್ಷಮಿಸುತ್ತದೆ. 120 ಸೆಂ.ಮೀ. ಎತ್ತರದಿಂದ ನೋಡುವ ಹುಡುಗನಿಗೆ 90 ಸೆಂ.ಮೀ. ಆಳದ ಬಾವಿ 72 ಸೆಂ.ಮೀ. ಆಳದ್ದಾಗಿ ಕಾಣುತ್ತದೆ, ಅಷ್ಟೇ. ಬಾವಿ ಬಾವಿಯಾಗಿಯೇ ಇರುತ್ತದೆ. ಕ್ಷಮಿಸದಿರುವುದು ಕಾಲಿನ ಜಾಗವನ್ನು. ಅರ್ಧ ಮೀಟರ್ ಪಕ್ಕಕ್ಕೆ ಸರಿದರೆ ಗೋಡೆಗಳು ವಾಲತೊಡಗುತ್ತವೆ.

ಇಲ್ಲಿ ನಾನೇ ಎಡವಿದ್ದು ಹೇಳುತ್ತೇನೆ. ಮೊದಲ ಸಲ ಬರೆದಾಗ ಮೊಳೆ ಇದ್ದಲ್ಲಿಯೇ ಎರಡು ಪಾದದ ಗುರುತು ಬರೆದೆ. ಜನ ಅದರ ಮೇಲೆ ನಿಂತು ಫೋಟೊ ತೆಗೆದರು. ಒಂದರಲ್ಲೂ ಬಾವಿ ಸರಿ ಬರಲಿಲ್ಲ, ಹತ್ತಿರದ ಅಂಚು ಎಲ್ಲೋ ತೆರೆದುಕೊಂಡಂತೆ. ಗೆರೆಗಳನ್ನೆಲ್ಲ ಮತ್ತೆ ಅಳೆದೆ, ತಪ್ಪಿರಲಿಲ್ಲ. ಸಂಜೆ ಹೊಳೆಯಿತು. ಫೋನ್ ಹಿಡಿದ ಕೈ ಮುಂದಕ್ಕೆ ಚಾಚಿರುತ್ತದೆ, ಲೆನ್ಸು ಪಾದದ ಮೇಲಿರುವುದಿಲ್ಲ, ಮೊಳಕ್ಕೆ ಸ್ವಲ್ಪ ಕಡಿಮೆ ಮುಂದಿರುತ್ತದೆ. ಆದ್ದರಿಂದ ಮೊಳೆ ಲೆನ್ಸಿನ ನೇರ ಕೆಳಗೆ ಬರಬೇಕು. ಗಾರೆಯವರ ತೂಕದ ಗುಂಡನ್ನು ಫೋನಿನಿಂದ ಇಳಿಬಿಟ್ಟು ನೋಡಿ. ಪಾದದ ಗುರುತು ಮೊಳೆಗಿಂತ 35–40 ಸೆಂ.ಮೀ. ಹಿಂದೆ ಇರಲಿ.

ಕೈ ಪಳಗಲು ಒಂದು ರಂಗೋಲಿ

ನೇರ ಕಲ್ಯಾಣಿಗೆ ಇಳಿಯುವ ಮುಂಚೆ ಮನೆ ಮುಂದೆ ಒಂದು ಬೆಳಗ್ಗೆ ಇದನ್ನು ಮಾಡಿ. ಚುಕ್ಕಿ ರಂಗೋಲಿ ಬಲ್ಲವರಿಗೆ ಇದು ಆಟ. ಏಳು ಸಾಲು, ಸಾಲಿಗೆ ಏಳು ನೇರ ಚುಕ್ಕಿ, ಚುಕ್ಕಿಯಿಂದ ಚುಕ್ಕಿಗೆ 15 ಸೆಂ.ಮೀ. ಎಂಬ ಲೆಕ್ಕದ ರಂಗೋಲಿಯನ್ನು ಹಲಗೆಗೆ ಬರೆದು ನೆಟ್ಟಗೆ ನಿಲ್ಲಿಸಿದಂತೆ ತೋರಿಸುವುದು ನಮ್ಮ ಗುರಿ. ಹಲಗೆ ಮೊಳೆಯಿಂದ 200 ಸೆಂ.ಮೀ. ದೂರದಲ್ಲಿ ನಿಂತಿದೆ ಎಂದುಕೊಂಡರೆ ಸಾಲುಗಳು ನೆಲದ ಮೇಲೆ ಬರುವ ಜಾಗ, ಮೊಳೆಯಿಂದ: 200, 222, 250, 286, 333, 400, 500 ಸೆಂ.ಮೀ. ಆ ಸಾಲುಗಳಲ್ಲಿ ಚುಕ್ಕಿಗಳ ನಡುವಿನ ಅಂತರ ಕ್ರಮವಾಗಿ 15, 16.7, 18.8, 21.4, 25, 30, 37.5 ಸೆಂ.ಮೀ.

ಅಂತರವನ್ನು ಪ್ರತಿ ಸಾಲಿಗೂ ಅಳೆಯುವ ಗೋಜು ಬೇಡ. ಮೊದಲ ಸಾಲಿನ ಏಳು ಚುಕ್ಕಿ ಇಟ್ಟು, ಮೊಳೆಯಿಂದ ಪ್ರತಿ ಚುಕ್ಕಿಯ ಮೇಲೆ ಹಾಯುವಂತೆ ದಾರ ಎಳೆದು, ಉಳಿದ ಸಾಲುಗಳನ್ನು ಅದು ದಾಟುವಲ್ಲಿ ಚುಕ್ಕಿ ಇಡುತ್ತಾ ಹೋಗಿ. ಮೊದಲ ನಿಯಮದ ಲಾಭ ಇದೇ. ಆಮೇಲೆ ನಿಮಗೆ ಬರುವ ಯಾವುದೇ ಏಳು ಚುಕ್ಕಿಯ ರಂಗೋಲಿಯನ್ನು ಎಂದಿನಂತೆ ಸೇರಿಸಿ. ಬರೆಯುವಾಗ ಕೈಕೆಳಗೆ ವಿಕಾರವಾಗಿ ಕಾಣುತ್ತದೆ, ಕಣ್ಣು ಅದನ್ನು ತಿದ್ದಬೇಕೆಂದು ಹಟ ಹಿಡಿಯುತ್ತದೆ. ತಿದ್ದಬೇಡಿ. ಮೇಲಿನ ಸಾಲಿನ ಎಳೆಗಳನ್ನು ಕೆಳಗಿನ ಸಾಲಿಗಿಂತ ಎರಡೂವರೆ ಪಾಲು ದಪ್ಪ ಬಿಡಬೇಕು ಎಂಬುದೊಂದನ್ನು ನೆನಪಿಡಿ. ಎಲ್ಲೆಡೆ ಒಂದೇ ದಪ್ಪದ ಎಳೆ ಬಿಟ್ಟರೆ ಮೇಲ್ಭಾಗ ಸವೆದಂತೆ ಕಾಣುತ್ತದೆ.

ಎತ್ತರದ ಲೆಕ್ಕದ ಮಿತಿಯೂ ಇಲ್ಲೇ ತಿಳಿಯುತ್ತದೆ. 75 ಸೆಂ.ಮೀ. ಎತ್ತರಕ್ಕೆ ಎರಡು ಪಾಲು, 100ಕ್ಕೆ ಮೂರು ಪಾಲು, 120ಕ್ಕೆ ಐದು ಪಾಲು ದೂರ. 150 ಆದರೆ ಕೊನೆಯೇ ಇಲ್ಲ, ಚಿತ್ರ ಊರಾಚೆ ಹೋಗುತ್ತದೆ. ನಿಲ್ಲುವ ವಸ್ತುಗಳನ್ನು ಕಣ್ಣೆತ್ತರದ ಮೂರರಲ್ಲಿ ಎರಡು ಪಾಲಿಗಿಂತ ಕೆಳಗೇ ಇಡಿ. ಹಳ್ಳಕ್ಕೆ ಈ ತಾಪತ್ರಯವಿಲ್ಲ, ಎಷ್ಟು ಆಳ ತೋಡಿದರೂ ಚಿತ್ರ ಬಾಯಿಯ ಒಳಗೇ ಇರುತ್ತದೆ. ಬೀದಿ ಕಲಾವಿದರು ಹಳ್ಳವನ್ನೇ ಹೆಚ್ಚು ಬರೆಯುವುದಕ್ಕೆ ಇದೂ ಒಂದು ಕಾರಣ ಇರಬೇಕು.

ಜಾಗ

ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಕಾಂಕ್ರೀಟ್ ಅಥವಾ ನುಣುಪು ಗಾರೆಯ ನೆಲ ಬೇಕು. ಇಂಟರ್‌ಲಾಕ್ ಟೈಲ್ಸ್ ಬೇಡ, ಅದರ ಗೀಟುಗಳು ಚಿತ್ರದ ಗೆರೆಗಳ ಜೊತೆ ಜಗಳ ಆಡುತ್ತವೆ. ಒಂದು ಬಕೆಟ್ ನೀರು ಸುರಿದು ಯಾವ ಕಡೆ ಹರಿಯುತ್ತದೆ ನೋಡಿ. ಮಳೆನೀರಿಗಾಗಿ ಕೊಟ್ಟ ಸಣ್ಣ ಇಳಿಜಾರು ಪರವಾಗಿಲ್ಲ. ಕಣ್ಣಿಗೇ ಕಾಣುವಷ್ಟಿದ್ದರೆ ಬೇರೆ ಜಾಗ ಹುಡುಕಿ.

ನೋಡುವವನ ಮುಖ ಉತ್ತರಕ್ಕಿರುವಂತೆ ಮೊಳೆ ಇಟ್ಟರೆ ಸೂರ್ಯ ಲೆನ್ಸಿಗೆ ಬಡಿಯುವುದಿಲ್ಲ. ಸಂಕ್ರಾಂತಿಯಿಂದ ಶಿವರಾತ್ರಿವರೆಗಿನ ದಿನಗಳು ಬಯಲುಸೀಮೆಯಲ್ಲಿ ಒಳ್ಳೆಯವು. ಮಳೆ ಇಲ್ಲ, ನೆಲ ಇನ್ನೂ ಕಾದಿಲ್ಲ. ಮಂಡಿಯೂರಿ ಎರಡು ದಿನ ಕೂರುವವರಿಗೆ ಎರಡನೆಯದು ದೊಡ್ಡ ವಿಷಯ.

ಅನುಮತಿ ಬರವಣಿಗೆಯಲ್ಲಿ ಇರಲಿ. ಶಾಲೆ, ಬಡಾವಣೆ ಸಂಘ, ಪಾಲಿಕೆ, ಜಾಗ ಯಾರದ್ದೋ ಅವರಿಂದ. ರಾಜ್ಯದಲ್ಲಿ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಇದೆ, ಗೋಡೆ ಚೆನ್ನಾಗಿ ಕಾಣಲಿ ಎಂದು ಬರೆದೆ ಎನ್ನುವುದು ಉತ್ತರವಾಗುವುದಿಲ್ಲ. ಸಂರಕ್ಷಿತ ಸ್ಮಾರಕಗಳ ಹತ್ತಿರ ಸೀಮೆಸುಣ್ಣವನ್ನೂ ಒಯ್ಯಬೇಡಿ.

ಮತ್ತೆ, ಗಾಡಿ ಓಡುವ ರಸ್ತೆಯಲ್ಲಿ ಬೇಡ. 2016ರಲ್ಲಿ ಅಹಮದಾಬಾದಿನ ತಾಯಿ-ಮಗಳು ಕಲಾವಿದೆಯರು ಗಾಳಿಯಲ್ಲಿ ತೇಲುವಂತೆ ಕಾಣುವ ಜೀಬ್ರಾ ಪಟ್ಟೆ ಬರೆದರು, ಮರುವರ್ಷ ಐಸ್‌ಲ್ಯಾಂಡಿನ ಇಸಾಫ್ಯೋರ್ದುರ್ ಎಂಬ ಸಣ್ಣ ಊರಿನಲ್ಲೂ ಅಂಥದ್ದು ಬಂತು, ಫೋಟೊಗಳು ಜಗತ್ತೆಲ್ಲ ಸುತ್ತಿದವು. ಅವು ವೇಗ ತಗ್ಗಿಸಲೆಂದೇ, ಅನುಮತಿಯೊಂದಿಗೆ ಬರೆದವು. ನೀವು ರಸ್ತೆಯಲ್ಲಿ ಬಾವಿ ಬರೆದರೆ ಸ್ಕೂಟರ್ ಸವಾರ ಅದನ್ನು ಮೆಚ್ಚಿಕೊಳ್ಳುವ ಮುಂಚೆ ಬ್ರೇಕ್ ಹಿಡಿಯುತ್ತಾನೆ.

ಬೆಂಗಳೂರಿನ ರಸ್ತೆಗುಂಡಿ ಎಂದರೆ ಕಲಾವಿದ ಬಾದಲ್ ನಂಜುಂಡಸ್ವಾಮಿ ನೆನಪಾಗದೆ ಇರುವುದಿಲ್ಲ. 2015ರಲ್ಲಿ ಸುಲ್ತಾನ್‌ಪಾಳ್ಯದ ಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಇಟ್ಟವರು ಅವರೇ. ಅದರಲ್ಲಿ ಪರ್ಸ್‌ಪೆಕ್ಟಿವ್ ಲೆಕ್ಕ ಇಲ್ಲ, ಗುಂಡಿ ನಿಜದ್ದು. ಆದರೆ 2019ರಲ್ಲಿ ಹೇರೋಹಳ್ಳಿಯ ರಸ್ತೆಯಲ್ಲಿ ಗಗನಯಾತ್ರಿಯ ವೇಷದವರು ನಡೆದ ವಿಡಿಯೊ ನಮ್ಮ ಪಾಠಕ್ಕೇ ಸೇರಿದ್ದು. ರಾತ್ರಿ, ಬಿಗಿಯಾದ ಚೌಕಟ್ಟು, ಗುಂಡಿಗಳು ಚಂದ್ರನ ಕುಳಿಗಳಂತೆ. ಪಕ್ಕದಲ್ಲಿ ಆಟೊ ಹಾದುಹೋಗುವವರೆಗೆ ಅದು ಚಂದ್ರನೇ. ಕ್ಯಾಮೆರಾ ಎಲ್ಲಿದೆ, ಏನನ್ನು ಹೊರಗಿಟ್ಟಿದೆ ಎನ್ನುವುದರಲ್ಲಿ ಇಡೀ ಮೋಡಿ ಇತ್ತು.

ಕಲ್ಯಾಣಿಯ ಅಳತೆ

ಮಾದರಿಗೆ ಹಂಪಿಯ ಅರಮನೆ ಆವರಣದ ಮೆಟ್ಟಿಲ ಪುಷ್ಕರಣಿಯನ್ನು ನೆನೆಸಿಕೊಳ್ಳಿ. 1980ರ ದಶಕದ ಉತ್ಖನನದಲ್ಲಿ ಮಣ್ಣಿನಿಂದ ಹೊರಬಂದದ್ದು, ಕಪ್ಪು ಕಲ್ಲಿನದು, ಐದು ಹಂತ. ವೃತ್ತವಿಲ್ಲ, ಬಳ್ಳಿಯಿಲ್ಲ, ಬರೀ ನೇರ ಗೆರೆ ಮತ್ತು ಬಿಸಿಲು ನೆರಳು. ನಮ್ಮದು ಅದರ ಬಡ ತಮ್ಮ. ಮೂರು ಸಲ ಇಳಿಯುತ್ತದೆ, ಪ್ರತಿ ಇಳಿತ 30 ಸೆಂ.ಮೀ., ನಡುವೆ 40 ಸೆಂ.ಮೀ. ಅಗಲದ ಎರಡು ಜಗಲಿ, ತಳದಲ್ಲಿ ನೀರು. ಬಾಯಿ 300 ಸೆಂ.ಮೀ. ಚೌಕ, ಅದರ ಹತ್ತಿರದ ಅಂಚು ಮೊಳೆಯಿಂದ 200 ಸೆಂ.ಮೀ.

30 ಸೆಂ.ಮೀ. ಆಳಕ್ಕೆ ಗುಣಕ 150 ÷ 180, ಅಂದರೆ 0.833. 60ಕ್ಕೆ 0.714. 90ಕ್ಕೆ 0.625. ಇವುಗಳಿಂದ ಗುಣಿಸಿದ ಮೇಲೆ ನೆಲಕ್ಕೆ ಬರುವ ಗೆರೆಗಳು ಇಷ್ಟೇ. ಮೊದಲ ಸಂಖ್ಯೆ ಮೊಳೆಯಿಂದ ಆಚೆಯ ಗೆರೆಗಿರುವ ದೂರ, ಎರಡನೆಯದು ನಡುಗೆರೆಯಿಂದ ಎಡಕ್ಕೂ ಬಲಕ್ಕೂ ಇರುವ ದೂರ, ಎಲ್ಲ ಸೆಂ.ಮೀ.ನಲ್ಲಿ:

ಬಾಯಿಯ ಅಂಚು: 500, 150
ಮೊದಲ ಗೋಡೆಯ ಬುಡ: 417, 125
ಮೊದಲ ಜಗಲಿಯ ಒಳ ಅಂಚು: 383, 92
ಎರಡನೇ ಗೋಡೆಯ ಬುಡ: 329, 79
ಎರಡನೇ ಜಗಲಿಯ ಒಳ ಅಂಚು: 300, 50
ನೀರಿನ ಅಂಚು: 263, 44

ಹತ್ತಿರದ ಕಡೆ ಎಲ್ಲವೂ 200ರ ಗೆರೆಗೆ ಬಂದು ನಿಲ್ಲುತ್ತವೆ. ಏಕೆಂದರೆ ಈಚೆ ಬದಿಯ ಗೋಡೆ, ಜಗಲಿ ಎರಡೂ ಬಾಯಿಯ ಅಂಚಿನ ಹಿಂದೆ ಮರೆಯಾಗುತ್ತವೆ, ನಿಜವಾದ ಬಾವಿಯ ಹತ್ತಿರ ನಿಂತಾಗ ಆಗುವಂತೆಯೇ. ಹೊಸಬರು ಹೆಚ್ಚು ತಪ್ಪುವುದು ಇಲ್ಲಿ. ನಾಲ್ಕು ಕಡೆಯೂ ಮೆಟ್ಟಿಲು ಕಾಣಲಿ ಎಂದು ಈಚೆಯ ಗೋಡೆಯನ್ನೂ ಬರೆದುಬಿಡುತ್ತಾರೆ, ಕಲ್ಯಾಣಿ ಕವುಚಿ ಹಾಕಿದ ಗೋಪುರವಾಗುತ್ತದೆ. ಕಾಣದ್ದನ್ನು ಬರೆಯಬಾರದು.

ಗೆರೆ ಹಾಕುವುದು

ಬೇಕಾದದ್ದು: ಕಾಂಕ್ರೀಟ್ ಮೊಳೆ, ಹತ್ತು ಮೀಟರ್ ಹಿಗ್ಗದ ನೈಲಾನ್ ದಾರ, ಐದು ಮೀಟರಿನದೋ ಅದಕ್ಕಿಂತ ಉದ್ದದ್ದೋ ಟೇಪು, ಸೀಮೆಸುಣ್ಣ, ಕೆಮ್ಮಣ್ಣಿನ ಪುಡಿ, ಜೊತೆಗೊಬ್ಬ ತಾಳ್ಮೆಯ ಮನುಷ್ಯ.

ನೆಲ ಗುಡಿಸಿ, ತೊಳೆದು, ಪೂರ್ತಿ ಒಣಗಲು ಬಿಡಿ. ಮೊಳೆಯಿಂದ ನೇರ ಮುಂದಕ್ಕೆ ಆರು ಮೀಟರ್ ನಡುಗೆರೆ ಹೊಡೆಯಿರಿ. ಹೊಡೆಯುವುದು ಎಂದರೆ ಬಡಗಿಗಳು ಮಾಡುವಂತೆ: ದಾರಕ್ಕೆ ಕೆಮ್ಮಣ್ಣು ಸವರಿ, ಎರಡೂ ತುದಿ ಬಿಗಿಹಿಡಿದು, ನಡುವೆ ಎತ್ತಿ ಚಿಮ್ಮಿಸಿಬಿಡುವುದು. ಸ್ಕೇಲಿಟ್ಟು ಎಳೆದ ಯಾವ ಗೆರೆಯೂ ಇದರಷ್ಟು ನೇರ ಬರುವುದಿಲ್ಲ.

ನಡುಗೆರೆಯ ಮೇಲೆ 200, 263, 300, 329, 383, 417, 500 ಗುರುತಿಸಿ. ಟೇಪಿನ ತುದಿಯನ್ನು ಪ್ರತಿ ಸಲವೂ ಮೊಳೆಗೇ ಹಿಡಿಯಿರಿ. ಹಿಂದಿನ ಗುರುತಿನಿಂದ ಮುಂದಿನದಕ್ಕೆ ಅಳೆಯುತ್ತ ಹೋದರೆ ತಪ್ಪುಗಳು ಕೂಡುತ್ತ ಹೋಗುತ್ತವೆ. 200ರಲ್ಲಿ ಅಡ್ಡಗೆರೆ ಹಾಕುವಾಗ ಮೂಲೆಮಟ್ಟ ಬರಲು 3-4-5ರ ಲೆಕ್ಕ: ನಡುಗೆರೆಯ ಮೇಲೆ 120, ಅಡ್ಡಕ್ಕೆ 90, ಓರೆಗೆ 150 ಬರಬೇಕು. ಬಾಯಿಯ ಚೌಕ ಮುಗಿದ ಮೇಲೆ ಎರಡೂ ಕರ್ಣ ಅಳೆಯಿರಿ. 424 ಸೆಂ.ಮೀ. ಬರಬೇಕು, ಮುಖ್ಯವಾಗಿ ಎರಡೂ ಒಂದೇ ಇರಬೇಕು. ಒಂದು ಸೆಂ.ಮೀ. ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಮೂರಕ್ಕೆ ಕೆಡಿಸಿಕೊಳ್ಳಿ.

ಒಳಗಿನ ಐದು ಆಯತಗಳನ್ನೂ ಹಾಗೆಯೇ ಹಾಕಿ. ಪಕ್ಕದ ಗೆರೆಗಳೆಲ್ಲ ನಡುಗೆರೆಗೆ ಸಮಾನಾಂತರ, ಒಂದೂ ಓರೆಯಿಲ್ಲ. ಚಿತ್ರ ಕಲಿತವರಿಗೆ ಇದು ವಿಚಿತ್ರ ಎನಿಸುತ್ತದೆ, ಪರ್ಸ್‌ಪೆಕ್ಟಿವ್ ಎಂದರೆ ಗೆರೆಗಳು ದೂರದಲ್ಲಿ ಕೂಡಬೇಕಲ್ಲವೇ ಎಂದು. ಆ ಕೂಡಿಸುವ ಕೆಲಸ ನೋಡುವವನ ಕಣ್ಣೇ ಮಾಡುತ್ತದೆ. ನಾವೂ ಮಾಡಿಕೊಟ್ಟರೆ ಎರಡು ಸಲವಾಗುತ್ತದೆ.

ಈಗ ಮೂಲೆಗಳು. ಮೊಳೆಯಿಂದ ದಾರ ಎಳೆದು ಬಾಯಿಯ ಆಚೆ ಎಡಮೂಲೆಗೆ ಹಿಡಿಯಿರಿ. ಮೊದಲ ಗೋಡೆಯ ಬುಡದ ಮೂಲೆ ಅದೇ ದಾರದ ಕೆಳಗೆ ಸಿಗಬೇಕು. ಸಿಕ್ಕಿದರೆ ಆ ಎರಡರ ನಡುವಿನ ತುಂಡಷ್ಟನ್ನು ಗೆರೆ ಮಾಡಿ, ಅದು ಗೋಡೆಯ ಮೂಲೆ. ಹೀಗೆ ಎಡಬಲ ಸೇರಿ ಆರು ತುಂಡು. ಇದು ಗೆರೆಯೂ ಹೌದು, ಪರೀಕ್ಷೆಯೂ ಹೌದು. ಯಾವುದಾದರೂ ಮೂಲೆ ದಾರದಿಂದ ಆಚೀಚೆ ಬಿದ್ದಿದ್ದರೆ ಅಳತೆ ಎಲ್ಲೋ ತಪ್ಪಿದೆ ಎಂದರ್ಥ, ಬಣ್ಣ ಬಿಚ್ಚುವ ಮುಂಚೆ ಸರಿಮಾಡಿ.

ಗೆರೆ ಮುಗಿದ ಮೇಲೆ ಫೋನನ್ನು 150 ಸೆಂ.ಮೀ. ಎತ್ತರದಲ್ಲಿ, ಮೊಳೆಯ ನೇರ ಮೇಲೆ, ಅಡ್ಡಲಾಗಿ ಹಿಡಿದು ನೋಡಿ. ಲೆನ್ಸಿನಿಂದ 200ರ ಗೆರೆಯ ನಡುವಿಗೆ ದಾರ ಹಿಡಿದರೆ ಸರಿಯಾಗಿ 250 ಸೆಂ.ಮೀ. ಬರಬೇಕು, ಇಲ್ಲೂ 3-4-5 ಇದೆ. ಮಾಮೂಲಿ ಲೆನ್ಸಿನಲ್ಲಿ ಇಡೀ ಬಾಯಿ ಚೌಕಟ್ಟಿನೊಳಗೆ ಕೂರುತ್ತದೆ, ವೈಡ್ ಲೆನ್ಸು ಬೇಡ, ಅದು ಅಂಚುಗಳನ್ನು ಎಳೆದುಬಿಡುತ್ತದೆ. ಬರೀ ಸುಣ್ಣದ ಗೆರೆಯಲ್ಲೇ ಬಾವಿ ಕಾಣಬೇಕು. ಕಾಣದಿದ್ದರೆ ಬಣ್ಣ ಅದನ್ನು ಉಳಿಸುವುದಿಲ್ಲ. ಫೋನಿನಲ್ಲಿ ಕಾಣುವಷ್ಟು ಚೆನ್ನಾಗಿ ಬರಿಗಣ್ಣಿಗೆ ಕಾಣಲಿಲ್ಲವೇ? ಎರಡು ಕಣ್ಣು ಸೇರಿ ನೆಲ ಚಪ್ಪಟೆ ಎಂದು ಪತ್ತೆ ಹಚ್ಚಿಬಿಡುತ್ತವೆ. ಒಂದು ಕಣ್ಣು ಮುಚ್ಚಿ ನೋಡಿ.

ಬಣ್ಣ

ಒಂದು ವಾರಾಂತ್ಯದ ಚಿತ್ರಕ್ಕೆ ಸೀಮೆಸುಣ್ಣ, ಪೇಸ್ಟಲ್, ರಂಗೋಲಿ ಪುಡಿ ಸಾಕು. ವರ್ಷ ಉಳಿಯಬೇಕಾದರೆ ಹೊರಗೋಡೆಗೆ ಬಳಿಯುವ ನೀರಿನ ಎಮಲ್ಶನ್. ಮಿರುಗುವ ಎನಾಮಲ್ ಬೇಡವೇ ಬೇಡ. ಒದ್ದೆಯಾದರೆ ಜಾರುತ್ತದೆ, ಮಿರುಗಿದರೆ ಮೋಡಿ ಒಡೆಯುತ್ತದೆ. ಕೊನೆಯ ಪದರಕ್ಕೆ ಚಿಟಿಕೆ ನಯವಾದ ಮರಳು ಬೆರೆಸಿದರೆ ಕಾಲಿಗೆ ಹಿಡಿತ ಸಿಗುತ್ತದೆ.

ಜನ ಸಾಮಾನ್ಯವಾಗಿ ಸಂಜೆ ನಾಲ್ಕರಿಂದ ಆರರೊಳಗೆ ಬರುತ್ತಾರೆ. ಉತ್ತರಕ್ಕೆ ಮುಖ ಮಾಡಿ ನಿಂತವನಿಗೆ ಆಗ ಬಿಸಿಲು ಎಡಗಡೆಯಿಂದ. ಚಿತ್ರದೊಳಗಿನ ಬೆಳಕೂ ಎಡದಿಂದಲೇ ಬರಲಿ. ಬಲಗೋಡೆಗಳು ಬೆಳಗಿರುತ್ತವೆ, ಎಡಗೋಡೆಗಳು ನೆರಳಲ್ಲಿ, ಎದುರಿನ ಗೋಡೆಗಳು ಎರಡರ ನಡುವೆ. ಜಗಲಿಗಳು ಎಲ್ಲಕ್ಕಿಂತ ತಿಳಿ. ಅಂದರೆ ಬೂದು ಬಣ್ಣದ ನಾಲ್ಕು ಹದ: ಒಂದು ಡಬ್ಬಿ ಬಿಳಿಗೆ ಕಪ್ಪನ್ನು ಚಮಚದ ಲೆಕ್ಕದಲ್ಲಿ ಬೆರೆಸಿ ನಾಲ್ಕು ಡಬ್ಬಿ ಮಾಡಿಟ್ಟುಕೊಳ್ಳಿ, ಕಂಚಿನ ಛಾಯೆ ಬೇಕಿದ್ದರೆ ತುಸು ಕೆಮ್ಮಣ್ಣು. ಪ್ರತಿ ಗೋಡೆಯೂ ಬುಡಕ್ಕೆ ಹೋದಂತೆ ಕಪ್ಪಾಗಲಿ. ಎಡಗೋಡೆಯ ನೆರಳು ಅದರ ಬುಡದ ಜಗಲಿಯ ಮೇಲೆ ಒಂದು ಗೇಣು ಚೆಲ್ಲಲಿ. ಹದ ಹದ ಬೆರೆಸುವುದಕ್ಕಿಂತ ಗಡಿ ಚೂಪಾಗಿರುವುದು ಮುಖ್ಯ, ಮಾಸ್ಕಿಂಗ್ ಟೇಪು ಹಚ್ಚಿ ಬಳಿಯಿರಿ.

ನೀರು 200ರಿಂದ 263ರವರೆಗಿನ ಸಣ್ಣ ಪಟ್ಟಿ ಅಷ್ಟೇ. ಬಹುತೇಕ ಕಪ್ಪಾದ ಹಸಿರು. ಆಚೆ ಗೋಡೆಯ ಬುಡದಲ್ಲಿ ಅದರ ಪ್ರತಿಬಿಂಬವೆಂದು ಒಂದೆರಡು ತಿಳಿ ಅಡ್ಡಗೀಟು. ನೀಲಿ ಬಳಿಯುವ ಆಸೆ ಎಲ್ಲರಿಗೂ ಆಗುತ್ತದೆ, ಅದು ಈಜುಕೊಳವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು 200ರ ಗೆರೆ. ಅದರ ಈಚೆ ಬದಿಗೆ ಎರಡು ಮೂರು ಸೆಂ.ಮೀ. ತಿಳಿ ಬಣ್ಣದ ತುಟಿ ಬರೆಯಿರಿ, ಆಚೆ ಬದಿ ಕೂಡಲೇ ಕಪ್ಪು ನೀರು. ತಿಳಿಯ ಪಕ್ಕದಲ್ಲೇ ಕಪ್ಪು ಬಿದ್ದಾಗ ನೆಲ ಅಲ್ಲಿ ಕಡಿದಂತಾಗುತ್ತದೆ. ಬಾಯಿಯ ಸುತ್ತ 20 ಸೆಂ.ಮೀ. ಅಗಲದ ಚಪ್ಪಡಿ ಸಾಲು ಬರೆದರೆ ಇನ್ನೂ ಒಳ್ಳೆಯದು. ಅವು ನೆಲದ ಮಟ್ಟದಲ್ಲೇ ಇರುವುದರಿಂದ ಲೆಕ್ಕ ಏನೂ ಬೇಡ, ಇದ್ದ ಅಳತೆಗೇ ಬರೆಯಿರಿ.

ಉಮೇದು ಉಳಿದಿದ್ದರೆ, ನೆಲವೂ ಬಲಕ್ಕೆ ನಾಲ್ಕು ಮೀಟರ್ ಅಗಲದಾಚೆ ಇನ್ನಷ್ಟು ಚಾಚಿದ್ದರೆ, ಬಲಬದಿಗೆ ಒಂದು ದೀಪದ ಕಂಬ. ಬುಡ ಮೊಳೆಯಿಂದ 300, ನಡುಗೆರೆಯಿಂದ 165ಕ್ಕೆ ಬಂದು ಚಪ್ಪಡಿಯ ಮೇಲೆ ನಿಲ್ಲಲಿ. ಕಂಬದ ಎತ್ತರ 60 ಎಂದರೆ ಗುಣಕ 1.67, ತುದಿ 500 ಮತ್ತು 275ಕ್ಕೆ. ಬುಡದಲ್ಲಿ 12 ಸೆಂ.ಮೀ. ದಪ್ಪವಿದ್ದರೆ ತುದಿಯಲ್ಲಿ 20. ಎರಡೂ ಬದಿಯ ಗೆರೆಗಳನ್ನು ಮೊಳೆಯ ದಾರದಿಂದಲೇ ಎಳೆಯಿರಿ.

ಜನ ಫೋಟೊಗೆ ಚಿತ್ರದ ನಟ್ಟನಡುವೆ ಹೋಗಿ ನಿಲ್ಲುತ್ತಾರೆ, ಅವರ ನಿಜವಾದ ನೆರಳು ನೀರಿನ ಮೇಲೆ ಚಪ್ಪಟೆಯಾಗಿ ಬಿದ್ದು ಗುಟ್ಟು ಬಿಟ್ಟುಕೊಡುತ್ತದೆ. ಬಲ ಅಂಚಿನ ಆಚೆ ನಿಂತು ಬಗ್ಗಿ ಇಣುಕಲು ಹೇಳಿ, ಸಂಜೆ ಬಿಸಿಲಿನಲ್ಲಿ ನೆರಳು ಹೊರಕ್ಕೆ ಬೀಳುತ್ತದೆ.

ಗೋಡೆಗೆ ಹತ್ತಿಸುವುದಾದರೆ

ಇದೇ ಲೆಕ್ಕ ಗೋಡೆ, ಮೆಟ್ಟಿಲು, ಕಂಬ ಎಲ್ಲ ಕೂಡಿದ ಜಾಗಕ್ಕೆ ಬಂದರೆ ಗುಣಾಕಾರ ಕೈಕೊಡುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ನೆಲೆಸಿರುವ ಫೆಲಿಚೆ ವರಿನಿ ಇದರ ದೊಡ್ಡ ಹೆಸರು. 2018ರಲ್ಲಿ ಫ್ರಾನ್ಸಿನ ಕಾರ್ಕಸೋನ್ ಕೋಟೆಯ ಬುರುಜು, ಗೋಡೆಗಳ ಮೇಲೆ ಹರಡಿದ್ದ ಹಳದಿ ಚೂರುಗಳು ಒಂದು ಜಾಗದಿಂದ ನೋಡಿದಾಗ ಗಾಳಿಯಲ್ಲಿ ನಿಂತ ವೃತ್ತಗಳಾಗುತ್ತಿದ್ದವು. ಹಳೆಯ ಕಲ್ಲಿಗೆ ಬಣ್ಣ ಬಳಿಯದೆ ಕಿತ್ತುಹಾಕಬಹುದಾದ ತೆಳು ಅಲ್ಯೂಮಿನಿಯಂ ಹಾಳೆ ಅಂಟಿಸಿದ್ದರು.

ಶಾಲೆಯ ಕಾರಿಡಾರಿನಲ್ಲಿ ಇದಕ್ಕೆ ಪ್ರೊಜೆಕ್ಟರ್ ಸಾಕು. ಅದರ ಲೆನ್ಸು ಕಣ್ಣಿನ ಜಾಗದಲ್ಲಿ ಬರುವಂತೆ ಸ್ಟ್ಯಾಂಡಿನ ಮೇಲಿಟ್ಟು, ಕತ್ತಲಾದ ಮೇಲೆ ಒಂದು ವೃತ್ತ ಬೀಳಿಸಿ, ಕಂಬ, ಗೋಡೆ, ಚಾವಣಿ ಎಲ್ಲೆಲ್ಲಿ ಬೆಳಕಿನ ಅಂಚು ಬಿದ್ದಿದೆಯೋ ಅಲ್ಲೆಲ್ಲ ಪೆನ್ಸಿಲ್ ಓಡಿಸಿ. ಬೆಳಗ್ಗೆ ಟೇಪು ಹಚ್ಚಿ ಒಂದೇ ಗಾಢ ಬಣ್ಣ ತುಂಬಿ. ಇಲ್ಲಿ ನೆರಳು, ಹದ ಏನೂ ಬೇಡ, ಎಲ್ಲೆಡೆ ಒಂದೇ ಕೆಂಪು ಅಥವಾ ಹಳದಿ. ಪ್ರೊಜೆಕ್ಟರ್ ಇಲ್ಲದವರು ಪಾರದರ್ಶಕ ಹಾಳೆಯಲ್ಲಿ ಮಾರ್ಕರ್‌ನಿಂದ ವೃತ್ತ ಬರೆದು ಫೋನಿನ ಪರದೆಗೆ ಅಂಟಿಸಿ, ಫೋನನ್ನು ಟ್ರೈಪಾಡಿಗೆ ಕಚ್ಚಿಸಿ, ಕ್ಯಾಮೆರಾ ತೆರೆದಿಡಿ. ಒಬ್ಬರು ಪರದೆ ನೋಡುತ್ತ ‘ಇನ್ನೂ ಮೇಲೆ, ಅಲ್ಲೇ, ಚುಕ್ಕಿ ಇಡು’ ಎಂದು ಕೂಗುವುದು, ಇನ್ನೊಬ್ಬರು ಗೋಡೆಗೆ ಚುಕ್ಕಿ ಇಡುವುದು. ಗಂಟಲು ಒಣಗುತ್ತದೆ, ಆದರೆ ಚಿತ್ರ ಕರಾರುವಾಕ್ಕಾಗಿ ಬರುತ್ತದೆ. ನಡುವೆ ಯಾರಾದರೂ ಟ್ರೈಪಾಡಿಗೆ ತಾಗಿದರೆ ಮಾತ್ರ ಮತ್ತೆ ಮೊದಲಿನಿಂದ. ಆದ್ದರಿಂದ ಅದರ ಮೂರು ಕಾಲಿನ ಸುತ್ತಲೂ ಮೊದಲೇ ಸುಣ್ಣದ ಗುರುತು ಹಾಕಿಟ್ಟುಕೊಳ್ಳಿ.

ಸೀಮೆಸುಣ್ಣದ ಕಲ್ಯಾಣಿ ಎರಡು ಬಕೆಟ್ ನೀರು, ಒಂದು ಕಡ್ಡಿ ಪೊರಕೆಗೆ ಹೋಗುತ್ತದೆ. ಮೊಳೆಯನ್ನು ಕೀಳಬೇಡಿ. ಕಾಲಿಗೆ ತಾಗದಂತೆ ನೆಲದ ಮಟ್ಟಕ್ಕೆ ಬಡಿದು, ತಲೆಯ ಮೇಲೊಂದು ಕೆಂಪು ಚುಕ್ಕಿ ಇಟ್ಟುಬಿಡಿ. ಮುಂದಿನ ಸಂಕ್ರಾಂತಿಗೆ ಅದೇ ಜಾಗದಲ್ಲಿ ದಾರ ಹಿಡಿದು ಏಳು ಸಾಲಿನ ಬದಲು ಒಂಬತ್ತರ ರಂಗೋಲಿ ನಿಲ್ಲಿಸಬಹುದು. ಒಂಬತ್ತನೆಯ ಸಾಲು ಮೊಳೆಯಿಂದ ಹತ್ತು ಮೀಟರಿಗೆ ಬರುತ್ತದೆ, ಅಷ್ಟು ಅಂಗಳ ಇದೆಯೇ ಎಂದು ಮಾತ್ರ ಮೊದಲು ಅಳೆದುಕೊಳ್ಳಿ.